ಮಡಿಕೆಯ ಒಳಗಿನ ಸಾಲು

ಕಾಗದದ ಕಟ್ಟು ಮೇಜಿನ ಮೇಲೆ ಬಿದ್ದ ಕೂಡಲೇ ಅಕ್ಕನ ಕೈ ಅದರತ್ತ ಚಾಚಿಕೊಂಡಿತು. ಎರಡು ವರ್ಷದಿಂದ ಹೀಗೇ. ಮೇಸ್ತ್ರಿ ಯಾವ ಕಟ್ಟನ್ನು ಯಾರ ಮುಂದೆ ಎಸೆದರೂ ಸರಿ, ನೀಲಿ ಅಂಚಿನ ಈ ಒಂದು ಚೀಟಿ ಬಂತೆಂದರೆ ಅಕ್ಕ ತನ್ನ ಮುಂದಿದ್ದ ಕೆಮ್ಮಿನ ಔಷಧಿಯದೋ ಕಣ್ಣಿನ ಹನಿಯದೋ ಕಟ್ಟನ್ನು ತಂಗಿಯ ಕಡೆ ನೂಕಿ, ಇದನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಊಟದ ತಟ್ಟೆಯಲ್ಲಿ ಮಗುವಿನ ಪಾಲಿಗೆ ಬಂದ ಖಾರದ ಮೆಣಸಿನಕಾಯಿಯನ್ನು ತಾಯಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ ಹಾಗೆ. ಉದ್ದ ಮೇಜಿನ ಆಚೆಬದಿಯ ಹೆಂಗಸರು ಅದನ್ನು ನೋಡಿ, ಒಡಹುಟ್ಟಿದವಳು ಅಂದರೆ ಹೀಗಿರಬೇಕು ಎಂದು ಎಷ್ಟೋ ಸಲ ಅಂದಿದ್ದರು. ತಂಗಿಯೂ ಹಾಗೇ ಅಂದುಕೊಂಡಿದ್ದಳು. ಅಂದುಕೊಂಡು ಎದೆ ತುಂಬಿ ಬಂದು, ಕಣ್ಣಿನ ಹನಿಯ ಚೀಟಿಯನ್ನು ಮಂಜು ಮಂಜಾಗಿ ನೋಡುತ್ತ ಮಡಚಿದ್ದಳು. ಇವತ್ತು ಮಾತ್ರ ಅಕ್ಕನ ಬೆರಳು ಕಟ್ಟಿನ ದಾರಕ್ಕೆ ತಾಗುವ ಮೊದಲೇ ಅವಳ ಅಂಗೈ ಅದರ ಮೇಲೆ ಬಿದ್ದಿತ್ತು. ತನ್ನ ಕೈ ಅಷ್ಟು ಬೇಗ ಹೋದದ್ದು ಅವಳಿಗೇ ಆಶ್ಚರ್ಯವಾಯಿತು.

“ಬಿಡಕ್ಕ. ಇದನ್ನ ನಾನೇ ಮಡಚ್ತೀನಿ.”

“ನಿಂಗ್ಯಾಕೆ ಅದು? ಇಲ್ಲಿ ಕೊಡು.”

“ಯಾಕೆ, ನಾನು ಮಡಚಿದ್ರೆ ಏನಾಗುತ್ತೆ?”

ಅಕ್ಕ ಅವಳ ಮುಖ ನೋಡಿದಳು. ಆಮೇಲೆ ನಕ್ಕು, “ಆಗೋದೇನು, ಹೋದ ಸಲದ ಹಾಗೆ ಬಚ್ಚಲಿಗೆ ಓಡೋದು” ಎಂದು ಪಕ್ಕದವಳಿಗೂ ಕೇಳುವಂತೆ ಹೇಳಿ ತನ್ನ ಕೆಲಸಕ್ಕೆ ಬಗ್ಗಿದಳು. ಕೆಮ್ಮಿನ ಚೀಟಿಯ ಮೇಲೆ ಅಕ್ಕನ ಬಾಚಣಿಗೆಯ ಬೆನ್ನು ಸರ್ರನೆ ಹರಿಯಿತು. ಇಲ್ಲಿ ಎಲ್ಲರೂ ಮಡಿಕೆ ಒತ್ತುವುದು ಹಲ್ಲು ಮುರಿದ ಹಳೆಯ ಬಾಚಣಿಗೆಯ ಬೆನ್ನಿನಿಂದಲೇ. ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ ಮೂರು. ಔಷಧಿಯ ಪೆಟ್ಟಿಗೆಯೊಳಗೆ ತೂರುವಷ್ಟು ಚಿಕ್ಕದಾದರೆ ಮುಗಿಯಿತು. ಓದುವಂತಿಲ್ಲ. ಓದಬಾರದೆಂದು ಯಾರೂ ಬರೆದು ಹಾಕಿಲ್ಲ, ಆದರೆ ಸೇರಿದ ಮೊದಲ ದಿನವೇ ಮೇಸ್ತ್ರಿ ಹೇಳಿದ್ದ: “ಓದೋಕೆ ಕೂತೋಳ ಕೈ ನಿಲ್ಲುತ್ತೆ. ನಿಮ್ಮ ಕೆಲ್ಸ ಮಡಚೋದು. ಓದೋಕೆ ರೋಗಿಗಳಿದಾರೆ.” ಅವಳಿಗೆ ಅದೇನೂ ಕಷ್ಟವಾಗಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದುವುದರೊಳಗೆ ಹತ್ತು ಚೀಟಿ ಮಡಚಬಹುದು. ಆದರೂ ಎಷ್ಟು ಕಣ್ಣು ತಪ್ಪಿಸಿದರೂ ಪ್ರತಿ ಚೀಟಿಯಲ್ಲೂ ಒಂದು ಸಾಲು ಮಾತ್ರ ಕಣ್ಣಿಗೆ ಬೀಳದೆ ಬಿಡುವುದಿಲ್ಲ. ಕೊನೆಯ ಮಡಿಕೆ ಆದ ಮೇಲೆ ಹೊರಗೆ ಉಳಿಯುವ ಮುಖದ ಮೊದಲ ಸಾಲು ಅದು. ಕಣ್ಣಿನ ಹನಿಯದರಲ್ಲಿ ‘ತಂಪಾದ ಜಾಗದಲ್ಲಿ ಇಡಿ’. ಕೆಮ್ಮಿನದರಲ್ಲಿ ‘ಚೆನ್ನಾಗಿ ಕುಲುಕಿ’. ಈ ನೀಲಿ ಅಂಚಿನ ಆಸ್ಪಿರಿನ್ ಚೀಟಿಯಲ್ಲಿ ‘ಗರ್ಭಿಣಿಯರು ತೆಗೆದುಕೊಳ್ಳಬಾರದು’.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ ಸಾಲನ್ನು ಓದಿದ್ದಳು. ಆಗಿನ್ನೂ ಎದೆಯಲ್ಲಿ ಹಾಲು ಪೂರ್ತಿ ಬತ್ತಿರಲಿಲ್ಲ. ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋದ ಮಗು, ಗಂಡೋ ಹೆಣ್ಣೋ ಎಂದು ಕೇಳಿದಾಗ ಯಾರೂ ಸರಿಯಾಗಿ ಹೇಳಿರಲಿಲ್ಲ, ಆಮೇಲೆ ಹೆಣ್ಣು ಅಂದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಅಕ್ಕನೇ ಇಲ್ಲಿಗೆ ಕರೆತಂದು ತನ್ನ ಪಕ್ಕ ಕೂರಿಸಿಕೊಂಡಿದ್ದಳು. ನಾಲ್ಕು ಚೀಟಿ ಮಡಚಿದ್ದಳೋ ಐದೋ, ಅದೇ ಸಾಲು, ಮತ್ತೆ ಅದೇ ಸಾಲು. ಎದ್ದು ಓಡಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ಅಕ್ಕ ಬೆನ್ನು ಸವರಿದಳು. “ಗೊತ್ತಿದ್ದು ಮಾಡಿದ್ದಾ ನೀನು? ಬಿಡು” ಎಂದಳು. ಆ ‘ಬಿಡು’ ಎಷ್ಟು ಮೆತ್ತಗಿತ್ತೆಂದರೆ ಅದರ ಮೇಲೆ ತಲೆಯಿಟ್ಟು ಎರಡು ವರ್ಷ ಮಲಗಿದ್ದಳು. ಈಗ ನೆನೆದರೆ ಅದು ಬೇರೆಯೇ ಕೇಳಿಸುತ್ತದೆ. ಗೊತ್ತಿದ್ದು ಮಾಡಿದ್ದಾ ನೀನು. ಮಾಡಿದ್ದು ನೀನೇ, ಗೊತ್ತಿಲ್ಲದೆ ಮಾಡಿದೆ, ಅಷ್ಟೇ.

ಆ ಮಾತ್ರೆಗಳನ್ನು ಕೊಟ್ಟವಳು ಅಕ್ಕ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಲೆ ಸಿಡಿದು ಹೋಳಾಗುವಂಥ ನೋವು, ಕಣ್ಣ ಮುಂದೆ ಮಿಣುಕು ಮಿಣುಕು ಚುಕ್ಕೆಗಳು. ಅಕ್ಕ ತನ್ನ ಡಬ್ಬಿಯಿಂದ ತೆಗೆದು, “ತಲೆನೋವಿನದು ಕಣೆ, ಆಸ್ಪಿರಿನ್ನು, ನಾನೂ ನುಂಗ್ತೀನಿ” ಎಂದು ಆರು ಮಾತ್ರೆ ಕೊಟ್ಟಿದ್ದಳು. ಅವಳು ಮೂರು ದಿನ ನುಂಗಿದಳು. ಆಮೇಲೆ ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತೆ, “ಎಲ್ಲಿಂದ ತಂದೆ ಆ ಮಾತ್ರೇನ?” ಎಂದು ಕೇಳಿದಾಗ, ಮಲಗಿದ್ದಲ್ಲಿಂದಲೇ “ಅಂಗಡಿಯಿಂದ” ಅಂದಿದ್ದಳು. ಅಕ್ಕ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವತ್ತು ಅವಳಿಗೆ ಒಂದು ವಿಚಿತ್ರ ಸಮಾಧಾನವಾಗಿತ್ತು. ಮಗುವನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಅಕ್ಕನನ್ನಾದರೂ ಉಳಿಸಿದೆ. ಅಲ್ಲಿಂದ ಮುಂದೆ ಅತ್ತೆಯ ಮಾತುಗಳು ಬಂದಾಗಲೆಲ್ಲ ಆ ಸಮಾಧಾನವನ್ನು ಗುಟ್ಟಾಗಿ ಚೀಪಿಕೊಂಡು ಸುಮ್ಮನಿರುತ್ತಿದ್ದಳು. ಮಾತು ಕಡಿಮೆಯೇನೂ ಬರಲಿಲ್ಲ. ಪಕ್ಕದ ಮನೆಯಾಕೆ ತಲೆ ಹಿಡಿದುಕೊಂಡು ಮಾತ್ರೆ ಇದೆಯಾ ಎಂದು ಬಂದರೆ, “ನಮ್ಮ ಸೊಸೇನ ಮಾತ್ರ ಕೇಳ್ಬೇಡಮ್ಮ, ಅವಳ ಕೈಗುಣ ಗೊತ್ತಲ್ಲ” ಎಂದು ಅತ್ತೆ ನಗುತ್ತಿದ್ದರು. ಆಕೆ ನಗಬೇಕೋ ಬಾರದೋ ತಿಳಿಯದೆ ತಲೆ ಹಿಡಿದುಕೊಂಡೇ ವಾಪಸು ಹೋಗುತ್ತಿದ್ದಳು. ಗಂಡ ರಿಪೇರಿಗೆ ಬಿಚ್ಚಿದ ಫ್ಯಾನಿನ ಮೋಟಾರಿನೊಳಗೆ ಮುಖ ಹುದುಗಿಸಿ, ತಂತಿ ಸುತ್ತುತ್ತ, ಕೇಳಿಯೂ ಕೇಳದವನಂತೆ ಇರುತ್ತಿದ್ದ. ಈಗ ಮತ್ತೆ ಮುಟ್ಟು ನಿಂತು ಮೂರು ತಿಂಗಳಾದ ಮೇಲೆ ಅತ್ತೆ ಸಂಜೆ ಅವಳ ಕೈಚೀಲವನ್ನು ತಡಕಿ ನೋಡುತ್ತಾರೆ. ಮುಚ್ಚುಮರೆಯಿಲ್ಲ. ತರಕಾರಿ ಹುಳುಕು ನೋಡಿದ ಹಾಗೆ, ಬಾಗಿಲಲ್ಲೇ, ಒಂದೊಂದಾಗಿ ತೆಗೆದು ನೋಡಿ ಒಳಗಿಡುತ್ತಾರೆ.

ನಾಲ್ಕು ದಿನದ ಹಿಂದೆ ಆಸ್ಪತ್ರೆಗೆ ಒಬ್ಬಳೇ ಹೋಗಬೇಕಾಯಿತು. ಅಕ್ಕನ ಕೊನೆಯವನಿಗೆ ಜ್ವರ. “ಇನ್ನೊಂದು ವಾರ ಬಿಟ್ಟು ಹೋಗೋಣ ತಾಳು, ಒಬ್ಳೇ ಹೋಗಿ ಅಲ್ಲಿ ಬೆಬ್ಬೆಬ್ಬೆ ಅಂತೀಯ” ಎಂದಿದ್ದಳು ಅಕ್ಕ. ಅದು ನಿಜ. ಚಿಕ್ಕಂದಿನಿಂದ ಅವಳಿಗೆ ಹೊರಗಿನವರ ಮುಂದೆ ಗಂಟಲು ಕಟ್ಟುತ್ತದೆ. ಒಂದೇ ಕೋಣೆಯ ಶಾಲೆಯಲ್ಲಿ ಹೆಸರು ಕೂಗಿದರೆ ಎದ್ದು ನಿಲ್ಲುತ್ತಿದ್ದಳೇ ಹೊರತು ಹಾಜರಿ ಹೇಳುತ್ತಿದ್ದವಳು ಹಿಂದಿನ ಬೆಂಚಿನ ಅಕ್ಕ. ಬಟ್ಟೆಯಂಗಡಿಯಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ ಕೂಡ ಅಕ್ಕನೇ ಅವಳ ಬಾಯಿ. ಆದರೆ ಅವತ್ತು ಏಕೋ ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದು ಹೊರಟೇಬಿಟ್ಟಳು. ಹೊಸ ಡಾಕ್ಟರಮ್ಮ, ಕನ್ನಡಕ ಮೂಗಿನ ತುದಿಗೆ ಇಳಿದವರು, ಹಳೆಯ ಫೈಲನ್ನು ಬಹಳ ಹೊತ್ತು ತಿರುವಿ ಹಾಕಿ, “ಕಳೆದ ಸಲ ಯಾಕೆ ವಾಪಸು ಬರ್ಲಿಲ್ಲ ನೀವು?” ಎಂದು ಕೇಳಿದರು. ಬೈಗುಳವಿರಲಿಲ್ಲ, ಬರೀ ಪ್ರಶ್ನೆ. ಎಲ್ಲಿಗೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರಮ್ಮ ಫೈಲನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ಓದಿದರು. ರಕ್ತದ ಒತ್ತಡ ಜಾಸ್ತಿ. ಕಾಲಲ್ಲಿ ಊತ. ಎರಡು ದಿನ ಬಿಟ್ಟು ತಪ್ಪದೆ ಬರಬೇಕು, ತಲೆನೋವು ಬಂದರೆ ಕೂಡಲೇ ಬರಬೇಕು. ಜೊತೆಗಿದ್ದ ಅಕ್ಕನಿಗೆ ತಿಳಿಸಲಾಗಿದೆ. ಎರಡು ವರ್ಷದ ಹಿಂದಿನ ಆ ದಿನ ಅವಳು ಪರದೆಯ ಹಿಂದೆ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಳು. ಹೊರಗೆ ನರ್ಸಿನ ದನಿ ಗೊಣಗೊಣ ಕೇಳುತ್ತಿತ್ತು. ಈಚೆ ಬಂದಾಗ ಅಕ್ಕ, “ಎಲ್ಲ ಸರಿಯಾಗಿದೆಯಂತೆ, ಬಾ, ಬಸ್ಸು ಹೋಗುತ್ತೆ” ಎಂದಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಅವಳಿಗೇ ಬಿಟ್ಟುಕೊಟ್ಟಿದ್ದಳು.

“ನಾನು ಮಾತ್ರೆ ನುಂಗಿದ್ದೆ,” ಎಂದಳು ಅವಳು ಡಾಕ್ಟರಮ್ಮನಿಗೆ. ಎರಡು ವರ್ಷದಲ್ಲಿ ಹೊರಗಿನವರ ಮುಂದೆ ಆಡಿದ ಮೊದಲ ಪೂರ್ತಿ ವಾಕ್ಯ ಅದೇ ಇರಬೇಕು. “ಆಸ್ಪಿರಿನ್. ಆರು. ಅದ್ರಿಂದ ಮಗು ಹೋಯ್ತು.”

“ಯಾರು ಹಾಗಂದಿದ್ದು?”

ಡಾಕ್ಟರಮ್ಮ ಕನ್ನಡಕ ತೆಗೆದರು. “ನೋಡಿ, ಏಳನೇ ತಿಂಗಳಲ್ಲಿ ತಲೆನೋವಿಗೆ ಅಂತ ಅದನ್ನ ನೀವಾಗೇ ನುಂಗಬಾರ್ದಿತ್ತು. ಆ ದೊಡ್ಡ ಮಾತ್ರೆ ಬಸುರಿಯರಿಗೆ ಒಳ್ಳೇದಲ್ಲ, ಅದ್ರಲ್ಲೂ ಐದು ತಿಂಗಳು ದಾಟಿದ ಮೇಲೆ. ಅದು ನಿಜ. ಆದ್ರೆ ಈ ಫೈಲ್ ನೋಡಿದ್ರೆ ಮಗು ಹೋಗಿದ್ದು ಒತ್ತಡದಿಂದ ಅನ್ಸುತ್ತೆ, ಮಾತ್ರೆಯಿಂದಲ್ಲ. ನಿಮ್ಮ ತಲೆ ನೋಯ್ತಿದ್ದಿದ್ದೂ ಅದ್ರಿಂದಲೇ.” ಆಮೇಲೆ ಬರೆಯುತ್ತ, “ಈಗ ನಾನೂ ಆಸ್ಪಿರಿನ್ನೇ ಬರೀತಿದೀನಿ. ಗಾಬರಿ ಬೀಳ್ಬೇಡಿ. ಇದು ತೀರ ಚಿಕ್ಕ ಪ್ರಮಾಣ. ನೋವಿಗಲ್ಲ, ಒತ್ತಡ ಈ ಸಲ ಹಾಗೆ ಏರದೆ ಇರ್ಲಿ ಅಂತ. ಪೂರ್ತಿ ತಡೆಯುತ್ತೆ ಅಂತ ನಾನು ಮಾತು ಕೊಡಲ್ಲ, ಆದ್ರೆ ಅಪಾಯ ಕಡ್ಮೆ ಆಗುತ್ತೆ. ದಿನಾ ಒಂದು, ಊಟ ಆದ್ಮೇಲೆ. ಈಗ್ಲೇ ಶುರು ಮಾಡ್ಬೇಕು, ನಾಲ್ಕನೇ ತಿಂಗಳು ತುಂಬೋಕೆ ಬಿಟ್ಟು ಆಮೇಲೆ ತಗೊಂಡ್ರೆ ಅಷ್ಟು ಉಪಯೋಗ ಇಲ್ಲ. ಒತ್ತಡ ನೋಡ್ಸೋಕೆ ತಪ್ಪದೆ ಬನ್ನಿ” ಎಂದರು.

ಹಾಳೆಯನ್ನು ಹಿಡಿದು ಹೊರಬಂದವಳಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು ತನ್ನೊಳಗೆ ಹುಡುಕಿದಳು. ತಪ್ಪು ತನ್ನದು ಎಂದುಕೊಂಡಾಗ ಮಗುವಿನ ಜೊತೆ ಒಂದು ನಂಟಾದರೂ ಇತ್ತು. ಕೊಂದವಳಾದರೂ ನಾನೇ, ನನ್ನ ಕೈಯೇ. ಈಗ ಆ ಕೈಯನ್ನೂ ಯಾರೋ ಕಿತ್ತುಕೊಂಡ ಹಾಗಿತ್ತು. ಪರದೆಯ ಹೊರಗೆ ಆಡಿದ ನಾಲ್ಕು ಮಾತು ತನ್ನ ತನಕ ಬಂದಿದ್ದರೆ ಆ ಹೆಣ್ಣು ಮಗು ಇವತ್ತು ಮನೆತುಂಬ ಓಡಾಡುತ್ತಿತ್ತು, ಇರಬಹುದಿತ್ತು, ಖಂಡಿತ ಅಂತ ಯಾರು ಹೇಳಬಲ್ಲರು. ಆ ‘ಇರಬಹುದಿತ್ತು’ ಎನ್ನುವುದು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಒಳಗೂ ಹೋಗದು, ಹೊರಗೂ ಬಾರದು. ಅಂಗಡಿಯಲ್ಲಿ ಮಾತ್ರೆ ಕೊಂಡಳು. ಮನೆಗೆ ಒಯ್ಯುವಂತಿಲ್ಲ. ಮರುದಿನ ಕೆಲಸಕ್ಕೆ ಬಂದವಳು ಮೇಜಿನ ಕೆಳಗೆ ತನ್ನ ಬಾಚಣಿಗೆ, ನೂಲುಂಡೆ ಇಡುವ ತಗಡಿನ ಡಬ್ಬಿಯಲ್ಲಿ ಅದನ್ನು ಹುದುಗಿಸಿದಳು. ನಾಲ್ಕು ದಿನ ಹಾಗೇ ಇದೆ. ದಿನಾ ಊಟವಾದ ಮೇಲೆ ಡಬ್ಬಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಡಾಕ್ಟರಮ್ಮನ ಮಾತನ್ನು ಕಿವಿ ಒಪ್ಪಿಕೊಂಡಿದೆ, ಕೈ ಒಪ್ಪುವುದಿಲ್ಲ. ಕೈಗೆ ಗೊತ್ತಿರುವುದು ಒಂದೇ ಸಾಲು.

ಈಗ ಅವಳು ನೀಲಿ ಅಂಚಿನ ಕಟ್ಟಿನ ದಾರ ಬಿಚ್ಚಿದಳು. ಮೇಲಿನ ಚೀಟಿಯನ್ನು ತೆಗೆದು, ಮಡಚದೆ, ಎರಡೂ ಅಂಗೈಯಿಂದ ಮೇಜಿನ ಮೇಲೆ ಹರಡಿದಳು. ಬೆರಳನ್ನು ಸಾಲಿನ ಕೆಳಗೆ ನಡೆಸುತ್ತ, ತುಟಿ ಅಲ್ಲಾಡಿಸುತ್ತ, ಮೇಲಿನಿಂದ ಓದತೊಡಗಿದಳು. ಹೊಟ್ಟೆ ಹುಣ್ಣಿದ್ದವರು. ರಕ್ತ ಹೆಪ್ಪುಗಟ್ಟದವರು. ಮಕ್ಕಳು. ಎದುರಿನವಳು ಮೊಣಕೈಯಿಂದ ಪಕ್ಕದವಳನ್ನು ತಿವಿದಳು. ಅಕ್ಕನ ಬಾಚಣಿಗೆ ನಿಂತಿತು. ಅಲ್ಲಿ, ನಡುವಿನ ಅಡ್ಡ ಮಡಿಕೆ ಬೀಳುವ ಜಾಗಕ್ಕೆ ಸರಿಯಾಗಿ, ಒಂದು ಸಾಲಿನ ಕೊನೆಯಲ್ಲಿ ‘ವೈದ್ಯರ ಸಲಹೆಯಿಲ್ಲದೆ’ ಎಂದಿತ್ತು. ಅದರ ಕೆಳಗಿನ ಸಾಲು ‘ಗರ್ಭಿಣಿಯರು ತೆಗೆದುಕೊಳ್ಳಬಾರದು’. ಮಡಚಿದರೆ ಮೇಲಿನ ಎರಡು ಪದ ಒಳಗೆ ಹೋಗುತ್ತವೆ. ಅವಳು ಮಡಚಿ ನೋಡಿದಳು. ಬಿಚ್ಚಿದಳು. ಮತ್ತೆ ಮಡಚಿದಳು. ಇಷ್ಟೇ. ಕೋಣೆಯ ಎಲ್ಲ ಹೆಂಗಸರೂ ಸೇರಿ ವರ್ಷಗಟ್ಟಲೆ ಆ ಎರಡು ಪದಗಳನ್ನು ಬಾಚಣಿಗೆಯ ಬೆನ್ನಿನಿಂದ ಒತ್ತಿ ಒಳಗೆ ಹಾಕಿದ್ದರು, ಯಾರ ಮೇಲೂ ಯಾರಿಗೂ ಹಗೆಯಿಲ್ಲದೆ. ಆದರೆ ನರ್ಸಿನ ಮಾತನ್ನು ಅಕ್ಕ ಮಡಚಿ ಒಳಗೆ ಹಾಕಿದ್ದಕ್ಕೆ ಹಾಗೆ ಹೇಳಲಾಗುತ್ತದೆಯೆ.

“ಏನಮ್ಮ, ಪರೀಕ್ಷೆಗೆ ಓದ್ತಿದೀಯಾ?” ಹಿಂದಿನಿಂದ ಮೇಸ್ತ್ರಿಯ ದನಿ. ಕೋಣೆ ನಕ್ಕಿತು. ಬೇರೆ ದಿನವಾಗಿದ್ದರೆ ಅವಳ ಕಿವಿಯ ತುದಿ ಕೆಂಪಾಗಿ, ಅಕ್ಕ ಏನೋ ತಮಾಷೆ ಮಾಡಿ ಅವಳನ್ನು ಬಚಾವು ಮಾಡಬೇಕಿತ್ತು. ಅಕ್ಕ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅವಳೇ, “ಒಂದು ಸಾಲು ಬಾಕಿ ಇದೆ” ಎಂದಳು. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ಮೇಸ್ತ್ರಿ, “ಓಹೋ, ಮೂಕಿಗೂ ಮಾತು ಬಂತು” ಎನ್ನುತ್ತ ಮುಂದಿನ ಮೇಜಿಗೆ ಹೋದ.

ಊಟದ ಹೊತ್ತಿಗೆ ಇಬ್ಬರೂ ಯಾವಾಗಲೂ ಕೂರುವ ಕಡೆ, ಹಿಂಬದಿಯ ಮೆಟ್ಟಿಲ ಮೇಲೆ ಕೂತರು. ಅಕ್ಕ ಊಟದ ಡಬ್ಬಿ ಮುಗಿಸುವವರೆಗೂ ಮಗನ ಜ್ವರ ಬಿಟ್ಟದ್ದು, ನಲ್ಲಿ ಸೋರುವುದು, ಮೇಸ್ತ್ರಿಯ ಹೊಸ ಚಪ್ಪಲಿ, ಎಲ್ಲವನ್ನೂ ಒಂದೇ ಉಸಿರಿಗೆ ಮಾತಾಡಿದಳು. ಹೆದರಿದಾಗ ಅಕ್ಕ ಹೆಚ್ಚು ಮಾತಾಡುತ್ತಾಳೆ. ಇಷ್ಟು ವರ್ಷ ಅದನ್ನು ಧೈರ್ಯವೆಂದು ತಿಳಿದಿದ್ದೆನಲ್ಲ ಎಂದುಕೊಂಡು ಅವಳು ಕೈತೊಳೆದು, ಜೊತೆಗೆ ತಂದಿದ್ದ ತಗಡಿನ ಡಬ್ಬಿಯಿಂದ ಮಾತ್ರೆಯ ಪಟ್ಟಿಯನ್ನು ತೆಗೆದಳು.

“ಇದ್ಯಾವ್ದೇ?” ಅಕ್ಕ ಕಸಿದುಕೊಂಡು ಹಿಂಬದಿಯ ಹೆಸರು ಓದಿದಳು. ಅವಳ ಮುಖ ಬಿಳುಚಿತು. “ಮತ್ತೆ ಅದೇನಾ? ನಿಂಗೆ ಬುದ್ಧಿ ನೆಟ್ಟಗಿದೆಯಾ? ಒಂದನ್ನ ತಿಂದ್ಕೊಂಡಿದ್ದು ಸಾಲ್ದಾ?”

ಆ ಗಾಬರಿ ನಟನೆಯಲ್ಲ. ಅಕ್ಕ ಪಟ್ಟಿಯನ್ನು ತಂಗಿಯ ಕೈಗೆ ಸಿಗದಂತೆ ತನ್ನ ಮಡಿಲಿಗೆ ಹಾಕಿಕೊಂಡಳು. ತಂಗಿಗೆ ಆಗ ಹೊಳೆಯಿತು. ಇವಳೂ ನಂಬಿದ್ದಾಳೆ. ಮಾತ್ರೆಯ ಬಗ್ಗೆ ತಾನು ಹೇಳಿದ್ದನ್ನು ತಾನೇ ಇಷ್ಟು ದಿನ ಕೇಳಿ ಕೇಳಿ, ಅದೇ ನಿಜವೆಂದು ನಂಬಿ, ನನಗಾಗಿ ಮರುಗಿದ್ದಾಳೆ, ನನ್ನನ್ನು ಕ್ಷಮಿಸಿದ್ದಾಳೆ.

“ಡಾಕ್ಟ್ರು ಕೊಟ್ಟಿದ್ದು. ಇದು ಚಿಕ್ಕದು, ತಲೆನೋವಿಂದಲ್ಲ. ಕಳೆದ ಸಲದ ಹಾಗೆ ಒತ್ತಡ ಏರದೆ ಇರ್ಲಿ ಅಂತ.”

“ಕಳೆದ ಸಲ ಒತ್ತಡ ಏರಿತ್ತು ಅಂತ ಯಾರಂದ್ರು?”

“ನರ್ಸಮ್ಮ. ನಿಂಗೆ ಅಂದಿದ್ರಲ್ಲ. ಎರಡು ದಿನ ಬಿಟ್ಟು ಬರ್ಬೇಕು ಅಂತ. ಫೈಲಲ್ಲಿ ಬರ್ದಿದೆ.”

ಅಕ್ಕ ಊಟದ ಡಬ್ಬಿಯ ಮುಚ್ಚಳ ಹಾಕಲು ಹೋದಳು. ಅದು ಕೂರಲಿಲ್ಲ. ತಿರುಗಿಸಿ ಹಾಕಿದಳು, ಆಗಲೂ ಕೂರಲಿಲ್ಲ. ಕೆಳಗೆ ಅಂಗಳದಲ್ಲಿ ಯಾರೋ ಕಾಗದದ ಚೂರುಗಳನ್ನು ಗುಡಿಸುತ್ತಿದ್ದರು.

“ಆ ನರ್ಸು ಎಲ್ರನ್ನೂ ಹಾಗೇ ಹೆದರ್ಸೋಳು,” ಎಂದಳು ಕೊನೆಗೆ. “ನಂಗೂ ಮೂರು ಸಲಾನೂ ಕಾಲು ಊದಿತ್ತು. ಏನಾಯ್ತು? ಮೂರೂ ಮಕ್ಳು ಗುಂಡುಕಲ್ಲಿನ ಹಾಗಿವೆ. ನಿಂಗೆ ಹೇಳಿದ್ರೆ ಹೆದರಿ ಅನ್ನನೀರು ಬಿಡ್ತೀಯ ಅಂತ... ನಾಳೆ ಹೇಳೋಣ ಅಂದ್ಕೊಂಡೆ ಕಣೆ. ನಾಳೆ ಅಂದ್ಕೊಂಡೆ.”

“ಆಮೇಲೆ ಮಗು ಹೋಗೋಕೆ ಎಂಟು ದಿನ ಇತ್ತಕ್ಕ. ನಾನು ತಲೆನೋವಿಗೆ ಮಾತ್ರೆ ಕೇಳೋಕೆ ಬಂದಾಗ್ಲಾದ್ರೂ ಹೇಳ್ಬಹುದಿತ್ತು.”

“ಮರ್ತಿದ್ದೆ. ನನ್ನಾಣೆಗೂ ಮರ್ತಿದ್ದೆ.”

“ಆಮೇಲೆ ನೆನಪಾಯ್ತಲ್ಲ. ಅತ್ತೆ ಕೇಳಿದಾಗ.”

“ನಿಮ್ಮತ್ತೆ ಎಲ್ರ ಮುಂದೆ ನನ್ನ ರಟ್ಟೆ ಹಿಡ್ಕೊಂಡು, ‘ನೀನೇ ತಾನೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು, ಏನಂದ್ರು’ ಅಂತ ಕೇಳಿದ್ರು. ಏನು ಹೇಳ್ಲಿ? ಬಾಯಿಗೆ ಬಂದಿದ್ದು ಅದು. ಯಾವ್ದೋ ಮಾತ್ರೆ ನುಂಗ್ತಿದ್ಲು ಅಂದೆ. ಸುಳ್ಳೇನಲ್ವಲ್ಲ, ನುಂಗಿದ್ದೆ ತಾನೆ ನೀನು?”

“ನುಂಗಿದ್ದೆ. ನೀನು ಕೊಟ್ಟಿದ್ದು.”

ಹೀಗೆ ಹೇಳಿದರೆ ಏನಾದರೂ ಕುಸಿದು ಬೀಳುತ್ತದೆಂದು ಎರಡು ವರ್ಷದಿಂದ ಹೆದರಿದ್ದಳು. ಏನೂ ಬೀಳಲಿಲ್ಲ. ಅಕ್ಕ ಅಳುತ್ತಿದ್ದಳು, ಮೂಗು ಸುರಿಸಿಕೊಂಡು, ಚಿಕ್ಕವರು ಅಳುವ ಹಾಗೆ. ಅವಳ ಕೈ ತಾನಾಗಿ ಅಕ್ಕನ ಬೆನ್ನಿನ ಕಡೆ ಹೊರಟಿತು. ಅಭ್ಯಾಸ. ಅರ್ಧದಲ್ಲಿ ತಡೆದು, ಅದೇ ಕೈಯಿಂದ ಅಕ್ಕನ ಮಡಿಲಲ್ಲಿ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡಳು. ಒತ್ತಿದಳು. ಹಾಳೆ ಹರಿದು ಮಾತ್ರೆ ಅಂಗೈಗೆ ಬಿತ್ತು. ಎಷ್ಟು ಚಿಕ್ಕದು. ಹೆಸರುಬೇಳೆಗಿಂತ ತುಸು ದೊಡ್ಡದು ಅಷ್ಟೇ. ಅಕ್ಕ ಅಳು ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು, ತಡೆಯಬೇಕೆಂದು ಅವಳ ಇಡೀ ಮೈ ಮುಂದಕ್ಕೆ ಬಾಗಿತ್ತು. ಬೇಡ ಕಣೆ ಎಂದು ಬಾಯಿಂದ ಬರಲಿಲ್ಲ, ತುಟಿ ಮಾತ್ರ ಆಡಿತು. ತಂಗಿಗೂ ಭಯವಿತ್ತು. ನಂಬಿಕೆ ಬಂದ ಮೇಲೆ ನುಂಗೋಣ ಅಂದರೆ ಆ ನಂಬಿಕೆಯನ್ನು ಯಾರು ಎಲ್ಲಿಂದ ತಂದುಕೊಡುತ್ತಾರೆ. ತಾನೇ ಕೇಳಿದ್ದು, ತಾನೇ ಓದಿದ್ದು, ಇವೆರಡೇ ಅವಳ ಹತ್ತಿರ ಇದ್ದದ್ದು. ಬಾಯಿಗೆ ಹಾಕಿ ಬಾಟಲಿಯ ನೀರು ಕುಡಿದಳು. ನಾಲಿಗೆಯ ಮೇಲೆ ಒಂದಿಷ್ಟು ಹುಳಿ ಉಳಿಯಿತು.

“ಅತ್ತೆಗೆ ಹೇಳ್ತೀಯಾ?” ಅಕ್ಕ ಕೇಳಿದಳು.

ಅತ್ತೆಯ ಬಾಗಿಲು, ಚೀಲ ತಡಕುವ ಕೈ, ಮೋಟಾರಿನೊಳಗೆ ಹುದುಗಿದ ಗಂಡನ ಮುಖ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಅವಳು ಪಟ್ಟಿಯನ್ನು ತಗಡಿನ ಡಬ್ಬಿಗೆ ಹಾಕಲಿಲ್ಲ. ಕೈಚೀಲದ ಮೇಲುಭಾಗದಲ್ಲಿ, ಜಿಪ್ಪು ತೆರೆದರೆ ಮೊದಲು ಕೈಗೆ ಸಿಗುವಲ್ಲಿ ಇಟ್ಟಳು. ಡಾಕ್ಟರಮ್ಮ ಬರೆದುಕೊಟ್ಟ ಹಾಳೆಯನ್ನು ಬಿಡಿಸಿ ಅದರ ಜೊತೆಗೇ ಇಟ್ಟಳು.

“ಕೇಳಿದ್ರೆ ಹೇಳ್ತೀನಿ.”

“ನನ್ನ ಹೆಸ್ರೂ?”

“ಫೈಲಲ್ಲಿ ಬರ್ದಿರೋದನ್ನ ಹೇಳ್ತೀನಿ.”

ಗಂಟೆ ಹೊಡೆಯಿತು. ಅಕ್ಕ ಎದ್ದು, ರೂಢಿಯಂತೆ ಅವಳನ್ನು ಎಬ್ಬಿಸಲು ಕೈ ಚಾಚಿದಳು. ಅವಳು ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ನೀಲಿ ಅಂಚಿನ ಕಟ್ಟನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಸ್ಟೂಲು ಹಿಡಿದು, ಮೇಜುಗಳ ನಡುವೆ ನಡೆದಳು. ಸ್ಟೂಲಿನ ಒಂದು ಕಾಲು ನೆಲಕ್ಕೆ ಕೆರೆದು ಎಲ್ಲರೂ ತಲೆಯೆತ್ತಿದರು. ಕಿವಿ ಬಿಸಿಯಾಯಿತು, ಆದರೂ ನಿಲ್ಲಲಿಲ್ಲ. ಕಿಟಕಿಯ ಹತ್ತಿರದ ಕೊನೆಯ ಮೇಜಿನ ತುದಿಯಲ್ಲಿ, ಅಷ್ಟಾಗಿ ಪರಿಚಯವಿಲ್ಲದ ಒಬ್ಬ ದಪ್ಪ ಹೆಂಗಸು ಕೂತಿದ್ದಳು. ಆಕೆ ತನ್ನ ಕಟ್ಟುಗಳನ್ನು ಸರಿಸಿ ದಾರಿ ಮಾಡಿಕೊಡುತ್ತ ಕೇಳಿದಳು:

“ಯಾಕಮ್ಮ, ಅಕ್ಕನ ಪಕ್ಕ ಜಾಗ ಇಲ್ವಾ?”

“ಇದೆ,” ಎಂದು ಅವಳು ಸ್ಟೂಲನ್ನು ಕೆಳಗಿಟ್ಟು ಕೂತಳು.